ಮಾವನ ಎರಡು ಜೇಬುಗಳು

ಜೂನ್ 4

ಪುಟ್ಟಿ,

ಫೋನಿನಲ್ಲಿ ಅರ್ಧ ಹೇಳಿ, "ಮಾವ, ಮೀಟಿಂಗ್ ಇದೆ" ಎಂದು ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ. ಪತ್ರ ಬರೆಯುವವನ ಮಾತನ್ನು ಯಾರೂ ನಡುವೆ ತುಂಡರಿಸಲಾರರು. ನೀನೂ ಕಾಗದದ ಮೇಲೆಯೇ ಉತ್ತರ ಬರೆ. ನನ್ನನ್ನು ಯಾರಾದರೂ ಕೇಳಿಕೊಂಡು ಬಂದಿದ್ದಾರೆ ಎಂದರೆ ನಿನ್ನ ಅತ್ತೆ ನಂಬುವುದಿಲ್ಲ, ತೋರಿಸಲು ಕೈಯಲ್ಲಿ ಏನಾದರೂ ಇರಬೇಕು.

ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ನಮ್ಮ ಬಟ್ಟೆ ಶೆಡ್ಡುಗಳ ಹಿಂದಿನ ಕಾಲೊನಿಯ ಮಕ್ಕಳಿಗೆ ರೋಬೋಟ್ ಮಾಡುವುದನ್ನು ಕಲಿಸಬೇಕು. ಸಾಮಾನು ನಿಮ್ಮ ಸಂಸ್ಥೆ ಕಳಿಸುತ್ತದೆ. ಜಾಗ, ಮಕ್ಕಳು, ಕಲಿಸುವವರು, ಈ ಮೂರನ್ನು ನಾನು ಹುಡುಕಿಕೊಡಬೇಕು. ಹುಡುಕುವುದೇನು ಬಂತು? ಕಲಿಸುವವನು ಈ ಪತ್ರ ಬರೆಯುತ್ತಾ ಕೂತಿದ್ದಾನೆ. ಜಾಗ ನೋಡಿಯಾಯಿತು: ಇಸ್ತ್ರಿ ಅಂಗಡಿಯ ಮೇಲಿನ ಕೋಣೆ. ಕೆಳಗಿನ ಇಸ್ತ್ರಿಯ ಬಿಸಿಗೆ ನೆಲ ಸದಾ ಬೆಚ್ಚಗಿರುತ್ತದೆ, ಕೂತವರಿಗೆ ಎದ್ದು ಹೋಗಲು ಮನಸ್ಸೇ ಬರುವುದಿಲ್ಲ. ಇನ್ನು ಮಕ್ಕಳು. ಸುದ್ದಿ ಕಿವಿಗೆ ಬಿದ್ದದ್ದೇ ನಲವತ್ತು ಮಂದಿ ನನ್ನ ಮನೆಯ ಮುಂದೆ ಸಾಲುಗಟ್ಟಿದ್ದಾರೆ.

ಈ ಕಾಲೊನಿ ನಿನಗೆ ಗೊತ್ತಲ್ಲ. ಪ್ರತಿ ಮನೆಯಲ್ಲೂ ಒಂದು ಹೊಲಿಗೆ ಮಿಷನ್. ಒಂದು ಮನೆಯಲ್ಲಿ ಬರೀ ಕಾಲರ್, ಪಕ್ಕದ ಮನೆಯಲ್ಲಿ ಬರೀ ತೋಳು, ಅದರಾಚೆ ಬರೀ ಕಾಜಾ. ಪೂರ್ತಿ ಅಂಗಿಯನ್ನು ಇಲ್ಲಿ ಯಾರೂ ಕಣ್ಣಲ್ಲಿ ಕಂಡಿಲ್ಲ. ಮಕ್ಕಳು ಶಾಲೆಯಿಂದ ಬಂದು ಗುಂಡಿ ಹಚ್ಚುತ್ತಾರೆ. ಶಾಲೆಯಲ್ಲಿ ವಿಜ್ಞಾನದ ಕೋಣೆ ಎಂದರೆ ಬೀಗ ಹಾಕಿದ ಒಂದು ಬೀರು, ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂಬುದೂ ವಿಜ್ಞಾನಕ್ಕೆ ಬಿಟ್ಟ ವಿಷಯ. ಇಂಥ ಕಡೆ ನನ್ನಂಥವನಿರುವುದು ಇವರ ಅದೃಷ್ಟ. ಈ ಕಾಲೊನಿಯಲ್ಲಿ ನನ್ನ ಕೈ ಮುಟ್ಟದ ಮಿಷನ್ ಇಲ್ಲ. ಎಲ್ಲಾದರೂ ಕೆಟ್ಟು ನಿಂತದ್ದು ಕಣ್ಣಿಗೆ ಬಿದ್ದರೆ ನನಗೆ ಊಟ ಸೇರುವುದಿಲ್ಲ.

ಮತ್ತೆ ನಾನು ಕಲಿಸಬಲ್ಲೆನೇ ಎಂಬ ಸಂಶಯ ನಿನಗೆ ಬೇಡ. ಶಾಲೆಯ ಪ್ರದರ್ಶನದಲ್ಲಿ ನಿನ್ನ ಗಾಳಿಯಂತ್ರಕ್ಕೆ ಮೊದಲ ಬಹುಮಾನ ಬಂತಲ್ಲ, ಅದನ್ನು ಇವತ್ತಿಗೂ ಇಲ್ಲಿ ಎಲ್ಲರಿಗೂ ಹೇಳುತ್ತೇನೆ. ನೀನು ಇಂಜಿನಿಯರ್ ಆದದ್ದು ಅವತ್ತೇ.

ಇಂತಿ ನಿನ್ನ
ಮಾವ

ಜೂನ್ 15

ಪ್ರೀತಿಯ ಮಾವನಿಗೆ,

ಆಫೀಸಿನಲ್ಲಿ ನನ್ನ ಹೆಸರಿಗೆ ಕೈಬರಹದ ಪತ್ರ ಬಂದದ್ದು ಇದೇ ಮೊದಲು. ಎಲ್ಲರೂ ಮುಟ್ಟಿ ನೋಡಿದರು.

ಒಪ್ಪಿಗೆ ಸಿಕ್ಕಿದೆ. ಆದರೆ ಷರತ್ತು ಕೇಳಿ, ಅತ್ತೆಗೂ ಓದಿ ಹೇಳಿ. ಇದು ಮೂರು ತಿಂಗಳ ಪರೀಕ್ಷೆ. ಸೆಪ್ಟೆಂಬರ್ ಕೊನೆಗೆ ನಮ್ಮ ಮೇಡಂ ಖುದ್ದಾಗಿ ಬಂದು ನೋಡುತ್ತಾರೆ. ಮಕ್ಕಳು ತಾವೇ ಮಾಡಿದ್ದನ್ನು ತಾವೇ ನಡೆಸಿ, ಕೇಳಿದ ಪ್ರಶ್ನೆಗೆ ತಾವೇ ಉತ್ತರ ಕೊಟ್ಟರೆ ತರಗತಿ ಅಲ್ಲಿ ಕಾಯಂ. ಇಲ್ಲವಾದರೆ ಸಾಮಾನು ವಾಪಸ್ ಬಂದು ಬೇರೆ ಊರಿಗೆ ಹೋಗುತ್ತದೆ. ನಮ್ಮಲ್ಲಿ ಇನ್ನೂ ಐದು ಕಾಲೊನಿಗಳು ಕಾಯುತ್ತಿವೆ. ನಿಮ್ಮ ಕಾಲೊನಿಯೇ ಆಗಬೇಕೆಂದು ಹಟ ಹಿಡಿದವಳು ನಾನೊಬ್ಬಳೇ.

ಪೆಟ್ಟಿಗೆಯಲ್ಲಿ ಸಣ್ಣ ಮೋಟರು, ಚಕ್ರ, ಬ್ಯಾಟರಿ ಡಬ್ಬಿ, ವೈರು, ಮತ್ತು ಎದುರಿಗೆ ಏನಾದರೂ ಅಡ್ಡ ಬಂದರೆ ತಿಳಿಸುವ ಸೆನ್ಸರ್ ಇರುತ್ತವೆ. ಒಂದು ಹಳೆಯ ಲ್ಯಾಪ್‌ಟಾಪೂ ಇದೆ. ಅದರಲ್ಲಿ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಸಾಕು, ಮಕ್ಕಳು ಜೋಡಿಸಿದ ರೋಬೋಟ್ ಗಾಡಿಗೆ ಆಜ್ಞೆ ಕೊಟ್ಟಂತೆ. ಜೊತೆಗಿರುವ ಪುಸ್ತಕವನ್ನು ದಯವಿಟ್ಟು ಓದಿ. ಚಿತ್ರ ನೋಡಿ ಮುಚ್ಚಿಡಬೇಡಿ.

ನಲವತ್ತು ಮಂದಿ ಬೇಡ, ಹತ್ತಿಪ್ಪತ್ತು ಸಾಕು.

ನಿಮ್ಮ
ಪುಟ್ಟಿ

ಜುಲೈ 9

ಪುಟ್ಟಿ,

ಪೆಟ್ಟಿಗೆ ತಲುಪಿತು, ತರಗತಿಯೂ ಶುರುವಾಯಿತು. ನೀನು ಹೇಳಿದಂತೆ ನಲವತ್ತು ಮಂದಿಯನ್ನು ಸೋಸಿ ಸೋಸಿ ಒಂಬತ್ತಕ್ಕೆ ಇಳಿಸಿದ್ದೇನೆ. ಸೋಸುವುದು ಬಹಳ ಕಷ್ಟವಾಯಿತು, ನಂಬು.

ಪುಸ್ತಕ ಓದಿದೆ. ಚಿತ್ರಗಳು ಚೆನ್ನಾಗಿವೆ.

ಮೊದಲ ದಿನವೇ ಹೇಳಿದೆ, "ನನ್ನನ್ನ ಸರ್ ಅಂತ ಕರೀಬೇಕು." ಎಲ್ಲರೂ ತಲೆಯಾಡಿಸಿದರು. ಆಮೇಲೆ ಒಬ್ಬಳು ಎದ್ದು, "ತಾತ, ಈ ಸೆನ್ಸರ್‌ಗೆ ಕಣ್ಣು ಯಾವ ಕಡೆ?" ಎಂದಳು. ಅವತ್ತಿನಿಂದ ತಾತನೇ. ನನ್ನ ಮೀಸೆ ಇನ್ನೂ ಅರ್ಧ ಕಪ್ಪಗಿದೆ, ನಿನಗೆ ಗೊತ್ತು.

ಆ ಪ್ರಶ್ನೆ ಕೇಳಿದವಳು ಕಾಜಾ ಅಕ್ಕನ ಮಗಳು, ಹನ್ನೊಂದು ವರ್ಷ. ಅಂಗಿಗೆ ಗುಂಡಿತೂತು ಹೊಲಿಯುವುದರಲ್ಲಿ ಅವಳ ಅಮ್ಮನನ್ನು ಮೀರಿಸುವವರಿಲ್ಲ, ಅದಕ್ಕೇ ಕಾಲೊನಿಯೆಲ್ಲ ಅವಳನ್ನು ಕಾಜಾ ಅಕ್ಕ ಎಂದೇ ಕರೆಯುವುದು. ಮಗಳು ಒಂದು ಕಡೆ ನಿಲ್ಲುವುದಿಲ್ಲ, ಮಿಷನ್ನಿನೊಳಗಿನ ದಾರದುಂಡೆಯ ಹಾಗೆ ಸದಾ ಸುತ್ತುತ್ತಿರುತ್ತಾಳೆ. ಆದ್ದರಿಂದ ಬಾಬಿನ್ ಎಂದು ನಾನೇ ಹೆಸರಿಟ್ಟೆ. ಇನ್ನೊಬ್ಬ ಹುಡುಗ ತಗಡು. ಏನು ಸಿಕ್ಕಿದರೂ ಬಡಿದು ಚಪ್ಪಟೆ ಮಾಡುತ್ತಾನೆ. ನನ್ನ ಊಟದ ಡಬ್ಬದ ಮುಚ್ಚಳ ಈಗ ಅವನ ಗಾಡಿಯ ಛಾವಣಿ.

ಲ್ಯಾಪ್‌ಟಾಪಿನ ಕೆಲಸವನ್ನು ಮಕ್ಕಳಿಗೇ ಬಿಟ್ಟಿದ್ದೇನೆ. ನನಗೆ ಬರುವುದಿಲ್ಲವೆಂದಲ್ಲ. ಅವರೂ ಸ್ವಲ್ಪ ಕಲಿಯಲಿ ಎಂದು.

ಮಾವ

ಜುಲೈ 30

ಪುಟ್ಟಿ,

ಮೇಡಂಗೆ ಹೇಳು, ನಮ್ಮಲ್ಲಿ ಒಂಬತ್ತು ಗಾಡಿ, ಒಂಬತ್ತೂ ಓಡುತ್ತವೆ. ಒಂದು ದಿನವೂ ಒಂದೂ ಕೆಟ್ಟು ನಿಂತದ್ದಿಲ್ಲ. ಸಂಜೆ ಮಕ್ಕಳು ಮನೆಗೆ ಹೋಗುವಾಗ ಏನೋ ಒಂದು ಸಡಿಲವಾಗಿರುತ್ತದೆ, ವೈರು ಬಿಚ್ಚಿರುತ್ತದೆ. ಮಾರನೇ ದಿನ ಬಂದು ನೋಡಿದರೆ ಎಲ್ಲ ಗಟ್ಟಿ, ಗೋಡೆಯಿಂದ ಗೋಡೆಗೆ ಬಾಣದ ಹಾಗೆ ನೆಟ್ಟಗೆ. ಕೇಳಿದರೆ, "ತಾತನ ಕೋಣೆಯಲ್ಲಿ ಇಟ್ರೆ ಅದೇ ಸರಿಹೋಗುತ್ತೆ" ಎನ್ನುತ್ತಾರೆ. ಇಸ್ತ್ರಿ ಅಂಗಡಿಯವನಂತೂ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಾನೆ, "ಮೇಲೆ ರೋಬೋಟ್ ಫ್ಯಾಕ್ಟರಿ ಇದೆ, ಮೆಲ್ಲಗೆ ಮಾತಾಡಿ."

ನಿಮ್ಮ ಬೇರೆ ಊರಿನ ತರಗತಿಗಳು ಹೇಗೆ ನಡೆಯುತ್ತಿವೆ? ಅಲ್ಲಿನ ಮೇಷ್ಟ್ರುಗಳಿಗೆ ಏನಾದರೂ ಕೇಳುವುದಿದ್ದರೆ ನನಗೆ ಬರೆಯಲಿ, ನನಗೇನೂ ಬೇಜಾರಿಲ್ಲ.

ಮಾವ

ಆಗಸ್ಟ್ 8

ಪ್ರೀತಿಯ ಮಾವನಿಗೆ,

ನಿಮ್ಮ ಎರಡೂ ಪತ್ರಗಳನ್ನು ಸಭೆಯಲ್ಲಿ ಓದಿದೆ. ಮೀಸೆಯ ವಿಷಯ ಬಿಟ್ಟು.

ಬೇರೆ ಊರುಗಳಲ್ಲಿ ದಿನಕ್ಕೆ ಎರಡು ಗಾಡಿ ಕೆಡುತ್ತವೆ. ಮೋಟರು ಸುಟ್ಟವರಿದ್ದಾರೆ, ಬ್ಯಾಟರಿ ತಿರುಗಿಸಿ ಹಾಕಿ ಹೊಗೆ ಎಬ್ಬಿಸಿದವರಿದ್ದಾರೆ. ನಿಮ್ಮಲ್ಲಿ ಒಂದೂ ಕೆಟ್ಟಿಲ್ಲ ಎಂದಾಗ ಮೇಡಂ ಕನ್ನಡಕ ತೆಗೆದು, "ಒಂದೂ ಇಲ್ವಾ?" ಎಂದು ಎರಡು ಸಲ ಕೇಳಿದರು. ನಾನು ಹೆಮ್ಮೆಯಿಂದ ಇಲ್ಲ ಎಂದೆ. ಭೇಟಿ ಸೆಪ್ಟೆಂಬರ್ 29ಕ್ಕೆ ಗೊತ್ತಾಗಿದೆ.

ಇನ್ನೊಂದು ಮಾತು. ಕಲಿಸುವವರು ಯಾರು ಎಂದು ಕೇಳಿದಾಗ "ಯಂತ್ರ ತಜ್ಞರು, ದೀರ್ಘ ಅನುಭವ" ಎಂದಿದ್ದೇನೆ. ನನ್ನ ಮಾವ ಎಂದು ಹೇಳಿಲ್ಲ. ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಎಂದೂ ಹೇಳಿಲ್ಲ. ಹೇಳಬಾರದೆಂದಲ್ಲ, ಕೇಳಲಿಲ್ಲ ಅಷ್ಟೆ.

ಬಾಬಿನ್ ಹೇಗಿದ್ದಾಳೆ? ನಿಮ್ಮ ಪತ್ರದಲ್ಲಿ ಅವಳು ಬಂದ ಜಾಗವನ್ನು ಎರಡು ಸಲ ಓದಿದೆ.

ಪುಟ್ಟಿ

ಆಗಸ್ಟ್ 19

ಪುಟ್ಟಿ,

ಯಂತ್ರ ತಜ್ಞ ಎಂಬ ಮಾತನ್ನು ನಿನ್ನ ಅತ್ತೆಗೆ ಓದಿಸಿದೆ. "ಹಾಗಾದ್ರೆ ನಮ್ಮ ಅಡುಗೆಮನೆ ನಲ್ಲಿ ಯಾವಾಗ ರಿಪೇರಿ ಮಾಡ್ತಾರಂತೆ ತಜ್ಞರು?" ಎಂದಳು. ದೊಡ್ಡವರಿಗೆ ಮನೆಯಲ್ಲಿ ಬೆಲೆ ಇಲ್ಲ.

ತರಗತಿ ಚೆನ್ನಾಗಿದೆ. ಬಾಬಿನ್ ಮಾತ್ರ ವಾರದಿಂದ ಬರುತ್ತಿಲ್ಲ. ಜ್ವರವಿರಬೇಕು. ಇಲ್ಲವೆಂದರೆ ಅಮ್ಮನಿಗೆ ಕೆಲಸ ಹೆಚ್ಚಾಗಿರಬೇಕು. ಈ ಕಾಲದ ಮಕ್ಕಳಿಗೆ ಹಿಡಿದ ಕೆಲಸವನ್ನು ಮುಗಿಸುವ ಅಭ್ಯಾಸವೂ ಇಲ್ಲ, ಉಪಕಾರ ನೆನೆಯುವ ಅಭ್ಯಾಸವೂ ಇಲ್ಲ. ಹೋದ ವಾರ ಅವಳ ಗಾಡಿ ಪೂರ್ತಿ ಹಾಳಾಗಿತ್ತು. ಒಂದು ಕಡೆ ನೀವು ಕಳಿಸಿದ ಚಕ್ರ, ಇನ್ನೊಂದು ಕಡೆ ಗುಂಡಿ ಡಬ್ಬದ ಮುಚ್ಚಳ. ಪಾಪ, ಚಕ್ರ ಕಳೆದುಹಾಕಿ, ಬೈಸಿಕೊಳ್ಳುವ ಭಯಕ್ಕೆ ಮುಚ್ಚಳ ಸಿಕ್ಕಿಸಿದ್ದಾಳೆ ಎಂದುಕೊಂಡೆ. ಒಂದು ಚಕ್ರ ದೊಡ್ಡದು, ಒಂದು ಚಿಕ್ಕದು, ಗಾಡಿ ನೆಟ್ಟಗೆ ಹೋಗುವುದು ಹೇಗೆ? ಇದ್ದಲ್ಲೇ ದುಂಡಗೆ ಸುತ್ತುತ್ತಿತ್ತು. ಹೊಟ್ಟೆಯ ಕೆಳಗೆ ಹಳೇ ಸ್ಪೀಕರಿನ ಅಯಸ್ಕಾಂತ ಬೇರೆ ಕಟ್ಟಿದ್ದಳು, ಸುಮ್ಮನೆ ಭಾರ. ಮಕ್ಕಳು ಹೋದ ಮೇಲೆ ಕೂತು ಮುಚ್ಚಳ ಕಿತ್ತು ನನ್ನ ಗುಜರಿ ಮೂಟೆಗೆ ಎಸೆದು, ಹೊಸ ಚಕ್ರ ಹಾಕಿ, ವೈರೆಲ್ಲ ಅಂದವಾಗಿ ಸುತ್ತಿಟ್ಟೆ. ಅಯಸ್ಕಾಂತ ನನ್ನ ಪೆಟ್ಟಿಗೆ ಸೇರಿತು. ಒಳ್ಳೆ ಮಾಲು, ಕೆಳಗೆ ಬಿದ್ದ ಸೂಜಿ ಹುಡುಕಲು ಬಹಳ ಉಪಯೋಗ.

ಮಾರನೇ ದಿನ ಬಂದಳು. ಗಾಡಿ ಗೋಡೆಯ ತನಕ ನೆಟ್ಟಗೆ ಹೋಯಿತು. ನೋಡಿದಳು, ಕೆಳಗಿಟ್ಟಳು, ಚಪ್ಪಲಿ ಹಾಕಿಕೊಂಡು ಹೊರಟೇಹೋದಳು.

ನೀನೇನೂ ಚಿಂತೆ ಮಾಡಬೇಡ. ಮೇಡಂ ಬಂದ ದಿನ ಅವಳ ಗಾಡಿಯನ್ನು ತಗಡು ಓಡಿಸುತ್ತಾನೆ.

ಮಾವ

ಆಗಸ್ಟ್ 27

ಮಾವ,

ಅವಳಿಗೆ ಜ್ವರವೇ ಎಂದು ಮನೆಗೆ ಹೋಗಿ ಕೇಳಿದಿರಾ? ಮೂರು ಸಂದು ದಾಟಿದರೆ ಅವರ ಮನೆ ಅಲ್ಲವೇ?

ಚಕ್ರ ಕಳೆದುಕೊಂಡ ಮಗು ಅಯಸ್ಕಾಂತ ಯಾಕೆ ಕಟ್ಟುತ್ತದೆ? ಗಾಡಿ ದುಂಡಗೆ ಯಾಕೆ ಸುತ್ತುತ್ತಿತ್ತು ಎಂದು ಅವಳನ್ನು ಒಂದು ಮಾತು ಕೇಳಿದಿರಾ? ಮತ್ತೆ, ಸಂಜೆ ಬಿಚ್ಚಿಕೊಂಡ ಗಾಡಿಗಳೆಲ್ಲ ಮಾರನೇ ದಿನ ತಾವಾಗೇ ಸರಿಹೋಗಿರುತ್ತವೆ ಎಂದು ಬರೆದಿದ್ದಿರಿ. ನಾನು ನಕ್ಕು ಸಭೆಯಲ್ಲಿ ಓದಿದೆ. ಈಗ ಅದೇ ಸಾಲು ಓದಿದರೆ ನಗು ಬರುತ್ತಿಲ್ಲ.

ಒಂದು ವಿಷಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಎಲ್ಲರಿಗೂ ಹೇಳುವ ಆ ಗಾಳಿಯಂತ್ರ. ನಾನು ತಗಡಿನ ಮೂರು ರೆಕ್ಕೆ ಕತ್ತರಿಸಿ ಮಾಡಿದ್ದೆ. ಅದು ತಿರುಗುತ್ತಿರಲಿಲ್ಲ. ಯಾಕೆ ತಿರುಗುತ್ತಿಲ್ಲ ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೆ, ಹತ್ತಿರ ಬಂದಿದ್ದೆ ಎಂದೂ ಅನ್ನಿಸುತ್ತಿತ್ತು. ಪ್ರದರ್ಶನದ ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕು ರೆಕ್ಕೆಯ ಹೊಸ ಗಾಳಿಯಂತ್ರ ಮೇಜಿನ ಮೇಲೆ ಗಿರಗಿರ ತಿರುಗುತ್ತಿತ್ತು. ನೀವು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಿರಿ. ನಿಮಗೆ ಅಷ್ಟು ಸಂತೋಷವಾಗಿತ್ತು, ಹಾಗಾಗಿ ನಾನೂ ನಕ್ಕೆ. ಆ ಬಹುಮಾನದ ಕಪ್ಪನ್ನು ಇವತ್ತಿನವರೆಗೂ ನಾನು ಯಾರಿಗೂ ತೋರಿಸಿಲ್ಲ. ನನ್ನ ಮೂರು ರೆಕ್ಕೆ ಯಾಕೆ ತಿರುಗಲಿಲ್ಲ ಎನ್ನುವುದು ಇವತ್ತಿಗೂ ನನಗೆ ಗೊತ್ತಿಲ್ಲ.

ಅವಳ ಮನೆಗೆ ಹೋಗಿ ಬನ್ನಿ ಮಾವ.

ಪುಟ್ಟಿ

ಸೆಪ್ಟೆಂಬರ್ 10

ಪ್ರೀತಿಯ ಮಾವನಿಗೆ,

ಎರಡು ವಾರವಾಯಿತು, ನಿಮ್ಮಿಂದ ಪತ್ರವಿಲ್ಲ. ಅತ್ತೆಗೆ ಫೋನ್ ಮಾಡಿದರೆ, "ಆರೋಗ್ಯವಾಗಿದ್ದಾರೆ, ಮಾತು ಕಡಿಮೆ ಆಗಿದೆ, ಮನೆ ತಣ್ಣಗಿದೆ" ಎಂದರು. ನೀವು ಮಾತು ಕಡಿಮೆ ಮಾಡಿದ್ದೀರಿ ಎಂದರೆ ನನಗೆ ಭಯ.

ನಾನು ಹಾಗೆ ಬರೆಯಬಾರದಿತ್ತೇನೋ. ಮೇಡಂ ಭೇಟಿಯನ್ನು ಮುಂದೂಡಲು ಪ್ರಯತ್ನಿಸಲೇ? ಆದರೆ ಮುಂದೂಡಿದರೆ ನಿಮ್ಮ ಕಾಲೊನಿ ಸಾಲಿನ ಕೊನೆಗೆ ಹೋಗುತ್ತದೆ, ಮತ್ತೆ ಯಾವಾಗ ಸರದಿ ಬರುತ್ತದೋ ತಿಳಿಯದು.

ಒಂದು ಸಾಲು ಬರೆಯಿರಿ. ಬೈದು ಬರೆದರೂ ಸರಿ.

ಪುಟ್ಟಿ

ಸೆಪ್ಟೆಂಬರ್ 14

ಪುಟ್ಟಿ,

ನಿನ್ನ ಪತ್ರ ತಲುಪಲೇ ಇಲ್ಲ ಎಂದು ಬರೆಯೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಎರಡನೆಯದೂ ಬಂತು. ಅಂಚೆಯವನು ಇಷ್ಟು ಚುರುಕಾಗಿರುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ.

ಮೊದಲು ಸಿಟ್ಟು ಬಂತು. ಸೀದಾ ಹೋಗಿ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿದೆ. ಸಿಟ್ಟು ಹೋಗಲಿಲ್ಲ. ಪಕ್ಕದ ಮನೆಯ ನಲ್ಲಿಯನ್ನೂ ಮಾಡಿದೆ. ಆಮೇಲೆ ಕಾಜಾ ಅಕ್ಕನ ಮನೆಗೆ ಹೋದೆ. ನೀನು ಹೇಳಿದ್ದಕ್ಕಲ್ಲ, ಆ ಕಡೆ ಕೆಲಸವಿತ್ತು.

ಅವಳು ಮಿಷನ್ ತುಳಿಯುತ್ತಲೇ, "ಬನ್ನಿ ಮೆಕ್ಯಾನಿಕ್ ಸಾಹೇಬ್ರೇ, ಮಿಷನ್ ಚೆನ್ನಾಗೇ ಓಡ್ತಿದೆ" ಎಂದಳು.

"ಮಿಷನ್ ನೋಡೋಕಲ್ಲ, ಮಗಳನ್ನ ನೋಡೋಕೆ ಬಂದೆ. ಜ್ವರ ಅಂತ ಕೇಳ್ದೆ."

"ಯಾರು ಹೇಳಿದ್ದು?"

ನಾನೇ ಹೇಳಿಕೊಂಡದ್ದು ಎನ್ನುವುದು ಹೇಗೆ?

ಮಗಳು ಮಿಷನ್ ಕೆಳಗೆ ಮೊಣಕಾಲೂರಿ, ಒಂದೊಂದೇ ಗುಂಡುಸೂಜಿ ಆರಿಸುತ್ತಿದ್ದಳು. ನಾನು ಬಂದದ್ದು ಗೊತ್ತಿದ್ದೂ ತಲೆ ಎತ್ತಲಿಲ್ಲ. ಇನ್ನೂ ನಡೆಯಲು ಬಾರದ ಪುಟ್ಟ ತಮ್ಮನೊಬ್ಬನಿದ್ದಾನೆ, ಅವನನ್ನು ಹೊಲಿದ ಬಟ್ಟೆಯ ರಾಶಿಯ ಮೇಲೆ ಕೂರಿಸಿದ್ದರು. ಇಳಿಯಲು ನೋಡುತ್ತಾನೆ, ಅಮ್ಮ ಒಂದು ಕೈಯಲ್ಲಿ ಹಿಂದಕ್ಕೆ ನೂಕುತ್ತಾಳೆ, ಇನ್ನೊಂದು ಕೈಯಲ್ಲಿ ಹೊಲಿಯುತ್ತಾಳೆ.

"ಇಳಿಸಿ ಅಕ್ಕ, ಪಾಪ ಆಡಿಕೊಳ್ಳಲಿ" ಎಂದೆ.

"ಎಲ್ಲಿ ಇಳಿಸೋದು? ಹೋದ ತಿಂಗಳು ಮೊಣಕಾಲಿಗೆ ಸೂಜಿ ಹೊಕ್ಕು ಡಾಕ್ಟರ್ ಹತ್ರ ಓಡಿದ್ವಿ. ಇವಳು ದಿನಕ್ಕೆ ಮೂರು ಸಲ ಆರಿಸ್ತಾಳೆ, ಆದ್ರೂ ಒಂದು ಉಳಿದೇ ಇರುತ್ತೆ."

ಪುಟ್ಟಿ, ನನಗೆ ಅಲ್ಲೇ ಕೂರಬೇಕು ಎನಿಸಿತು. ಕೂರಲು ಜಾಗವಿರಲಿಲ್ಲ. ಅಯಸ್ಕಾಂತ ಯಾಕೆ, ದುಂಡಗೆ ಯಾಕೆ ಎಂದು ಇನ್ನು ಕೇಳುವುದು ಏನಿತ್ತು? ಆದರೂ ನೀನು ಕೇಳಿ ಎಂದು ಬರೆದಿದ್ದೀಯಲ್ಲ, ಕೇಳಿದೆ.

"ಮರಿ, ನಿನ್ನ ಗಾಡಿ ನೆಟ್ಟಗೆ ಹೋಗ್ತಿರಲಿಲ್ವಲ್ಲ..."

ಮಿಷನ್ ಕೆಳಗಿನಿಂದಲೇ ಉತ್ತರ ಬಂತು. "ನೆಟ್ಟಗೆ ಹೋದ್ರೆ ಬಾಗಿಲಿಂದ ಆಚೆ ಹೋಗುತ್ತೆ. ಸೂಜಿ ಇರೋದು ಇಲ್ಲಿ."

ಇನ್ನೆರಡು ಸೂಜಿ ಆರಿಸಿದಳು. ಆಮೇಲೆ ಅವಳೇ ಮುಂದುವರಿಸಿದಳು. "ಅದು ಸರಿಯಾಗೇ ಇತ್ತು ತಾತ. ಎಲ್ಲರದ್ದನ್ನೂ ನೀವೇ ಮಾಡಿಡ್ತೀರ ಅಂತ ನಮಗೆಲ್ಲ ಗೊತ್ತು. ತಗಡು ಬೇಕಂತಲೇ ವೈರ್ ಕಿತ್ತಿಟ್ಟು ಹೋಗ್ತಾನೆ, ನಾಳೆ ಸರಿ ಇರುತ್ತೆ ಅಂತ. ಅವನಿಗೆ ಈಗ ವೈರ್ ಸಿಕ್ಕಿಸೋಕೇ ಬರಲ್ಲ."

"ಯಾರೂ ಹೇಳಲಿಲ್ವಲ್ಲ ನನಗೆ."

"ನಿಮಗೆ ಎಷ್ಟು ಖುಷಿ ಇತ್ತು. ಹೇಗೆ ಹೇಳೋದು?"

ಈ ಮಾತನ್ನು ನಾನು ಆಗಲೇ ಒಂದು ಸಲ ಓದಿದ್ದೆ, ನಿನ್ನ ಪತ್ರದಲ್ಲಿ.

ಗುಜರಿ ಮೂಟೆಯಲ್ಲಿ ಅರ್ಧ ದಿನ ಕೈಯಾಡಿಸಿ ಹುಡುಕಿದ ಡಬ್ಬದ ಮುಚ್ಚಳವನ್ನು ಅವಳ ಮುಂದಿಟ್ಟೆ. ಅಯಸ್ಕಾಂತವನ್ನೂ ಇಟ್ಟೆ. ಅದಕ್ಕೆ ಆಗಲೇ ನಾಲ್ಕು ಸೂಜಿ ಅಂಟಿದ್ದವು. ಮೇಲೆ ನನ್ನ ಗಿಡ್ಡ ಸ್ಕ್ರೂಡ್ರೈವರ್ ಇಟ್ಟೆ. ಅದನ್ನು ನಿನ್ನ ಅತ್ತೆಯೂ ಮುಟ್ಟುವಂತಿಲ್ಲ, ನಿನಗೆ ಗೊತ್ತು.

ಆಗ ಹೊರಗೆ ಬಂದಳು. ಸ್ಕ್ರೂಡ್ರೈವರ್ ತಿರುಗಿಸಿ ನೋಡಿ, "ಬರ್ತೀನಿ. ಆದ್ರೆ ನಿಮ್ಮ ಕೈ ಜೇಬಲ್ಲಿರಬೇಕು" ಎಂದಳು.

"ಈ ಪೈಜಾಮಕ್ಕೆ ಜೇಬಿಲ್ಲ ಮರಿ."

ಕಾಜಾ ಅಕ್ಕ ಇಷ್ಟು ಹೊತ್ತಿಗೆ ಮೊದಲ ಸಲ ಮಿಷನ್ ನಿಲ್ಲಿಸಿದಳು. "ಅದಕ್ಕೇನಂತೆ ಸಾಹೇಬ್ರೇ, ನೀವು ನಿಂತಿರೋದು ಹೊಲಿಯೋರ ಮನೇಲಿ. ನಾಳೆ ಪೈಜಾಮ ಕಳಿಸಿ."

ಎರಡು ಜೇಬು ಹೊಲಿದಿದ್ದಾಳೆ, ಮೊಣಕೈ ತನಕ ಕೈ ಇಳಿಯುತ್ತದೆ. ಜೇಬಿನ ಬಾಯಿಗೆ ಗುಂಡಿಯನ್ನೂ ಇಟ್ಟಿದ್ದಾಳೆ, ಕಾಜಾ ಬಹಳ ಅಂದವಾಗಿದೆ. ನಿನ್ನ ಅತ್ತೆ ನೋಡಿ ನಕ್ಕು ನಕ್ಕು ಅಡುಗೆಮನೆಯಲ್ಲಿ ಕೂತುಬಿಟ್ಟಳು.

ಭೇಟಿಯನ್ನು ಮುಂದೂಡಬೇಡ. ಈಗ ನಮ್ಮಲ್ಲಿ ಒಂಬತ್ತು ಗಾಡಿಯಲ್ಲಿ ಆರು ಕೆಟ್ಟಿವೆ. ಊಟ ಸೇರುತ್ತಿಲ್ಲ.

ನಾನು ತಪ್ಪು ಮಾಡಿದೆ ಎಂದು ಬರೆಯುತ್ತೇನೆ ಎಂದು ಕಾಯಬೇಡ. ಕಾಗದ ಮುಗಿಯಿತು.

ಮಾವ

ಅಕ್ಟೋಬರ್ 1

ಪುಟ್ಟಿ,

ಮೇಡಂ ಬಂದು ಹೋದರು. ಫಲಿತಾಂಶ ಏನು ಎಂದು ನಿನಗೇ ಗೊತ್ತಿರಬೇಕು. ನನಗೆ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇದರಲ್ಲಿ ಬಣ್ಣ ಹಚ್ಚಿದ್ದು ಏನೂ ಇಲ್ಲ, ಹಾಗಾಗಿ ಪತ್ರ ಸ್ವಲ್ಪ ಸಪ್ಪೆ ಇರುತ್ತದೆ.

ದೊಡ್ಡ ಮನುಷ್ಯರು ನೆಲದ ಮೇಲೆ ಕೂರಬಾರದೆಂದು ನಾನು ಎಂಟು ಕಬ್ಬಿಣದ ಕುರ್ಚಿ ಬಾಡಿಗೆಗೆ ತಂದು ಕೋಣೆಯ ಸುತ್ತ ಹಾಕಿಸಿದ್ದೆ. ಮರ್ಯಾದೆಗೆ ಕಡಿಮೆಯಾಗಬಾರದಲ್ಲ. ಮೇಡಂ ನಡುವಿನ ಕುರ್ಚಿಯಲ್ಲಿ ಕೂತರು. ಮೊದಲು ತಗಡು ತನ್ನ ಗಾಡಿ ಬಿಟ್ಟ. ಎರಡು ಮಾರು ಹೋಗಿ ನಿಂತಿತು. ಅವನು ಬೋರಲು ಮಲಗಿ ಒಂದೊಂದೇ ವೈರು ಮುಟ್ಟುತ್ತಾ ಹೋದ. "ಇದಲ್ಲ. ಇದೂ ಅಲ್ಲ." ಎಲ್ಲಿ ಬಿಚ್ಚಿದೆ ಎಂದು ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಬಲಗೈ ತಾನಾಗೇ ಹೊರಗೆ ಬರಲು ನೋಡಿತು. ಜೇಬಿನ ಗುಂಡಿ ಹಾಕಿಕೊಂಡಿದ್ದೆ, ಪುಣ್ಯ. ಕೊನೆಗೆ ಸಿಕ್ಕಿತು, ಗಾಡಿ ಹೊರಟಿತು. ಅವನು ಎದ್ದು ನಿಂತದ್ದು ನೋಡಬೇಕಿತ್ತು, ಅಂಗಿಯ ಮುಂಭಾಗವೆಲ್ಲ ಧೂಳು, ರಾಜನ ಹಾಗೆ.

ಮೇಡಂ ನನ್ನ ಕಡೆ ತಿರುಗಿ, "ನೀವ್ಯಾಕೆ ಸಹಾಯ ಮಾಡ್ಲಿಲ್ಲ?" ಎಂದರು.

"ನನಗೆ ಪರ್ಮಿಷನ್ ಇಲ್ಲ ಮೇಡಂ."

"ಯಾರು ಕೊಡಬೇಕು?"

ಬಾಬಿನ್ ಕೈ ಎತ್ತಿದಳು.

ಆಮೇಲೆ ಅವಳ ಗಾಡಿ. ಗುಂಡುಸೂಜಿ ಚೆಲ್ಲಿ, ಬಿಟ್ಟಳು. ಒಂದು ಸುತ್ತು ಚೆನ್ನಾಗಿ ಹಾಕಿತು, ಹಿಡಿಯಷ್ಟು ಸೂಜಿ ಎತ್ತಿತು. ಎರಡನೇ ಸುತ್ತಿಗೆ ಹೋಗಿ ಮೇಡಂ ಕುರ್ಚಿಯ ಕಾಲಿಗೆ ಅಂಟಿಕೊಂಡಿತು. ಬಿಡಿಸಿದಳು, ಪಕ್ಕದ ಕುರ್ಚಿಗೆ ಅಂಟಿಕೊಂಡಿತು. ಎಂಟು ಕಬ್ಬಿಣದ ಕುರ್ಚಿ, ತಂದವನು ಯಾರು? ಆ ಹೊತ್ತಿಗೆ ಬಾಡಿಗೆಯವನು ಬಂದು ಎಲ್ಲವನ್ನೂ ಹೊತ್ತುಕೊಂಡು ಹೋಗಬಾರದೇ ಎನಿಸಿತು.

"ಕುರ್ಚಿ ತೆಗೆಸಲಾ?" ಎಂದರು ಮೇಡಂ, ಒಳ್ಳೆಯ ಮನಸ್ಸಿನಿಂದಲೇ.

ಬಾಬಿನ್ ತಲೆಯಾಡಿಸಿದಳು. "ಬೇಡ ಮೇಡಂ. ನಮ್ಮನೆ ಮಿಷನ್ ಕಾಲೂ ಕಬ್ಬಿಣದ್ದೇ. ಮನೇಲಿ ಒಂದು ಮೂಲೇಲಿ ಓಡಿಸಿ ನೋಡಿದ್ದೆ, ಅದಕ್ಕೇ ಗೊತ್ತಾಗ್ಲಿಲ್ಲ. ಇಲ್ಲಿ ಗೊತ್ತಾಗಿದ್ದು ಒಳ್ಳೇದಾಯ್ತು."

ಒಳ್ಳೆಯದಾಯ್ತಂತೆ. ಬಾಬಿನ್ ಕೂತು ಯೋಚಿಸಿದಳು. ಉಳಿದವರೆಲ್ಲ ಸುತ್ತ ಕೂತರು, ಜಗಳ ಶುರುವಾಯಿತು. ಒಬ್ಬ ಅಯಸ್ಕಾಂತ ಚಿಕ್ಕದು ಮಾಡು ಎಂದ. ಒಬ್ಬಳು ಸೆನ್ಸರ್‌ಗೆ ಹೇಳೋಣ ಎಂದಳು. "ಕುರ್ಚಿ ಕಾಲು ಅಷ್ಟು ಸಣ್ಣಕಿದೆ, ಅದಕ್ಕೆಲ್ಲಿ ಕಾಣುತ್ತೆ?" "ನಿನಗಿಂತ ಚೆನ್ನಾಗೇ ಕಾಣುತ್ತೆ." ಇಸ್ತ್ರಿಯವನು ಕೆಳಗಿನಿಂದ ಟೀ ಕಳಿಸಿದ, ಅದು ಆರಿತು. ಯಾವಾಗಲೋ ಮೇಡಂ ಕುರ್ಚಿ ಬಿಟ್ಟು ಬೆಚ್ಚಗಿನ ನೆಲಕ್ಕೆ ಇಳಿದಿದ್ದರು, ನಾನು ಗಮನಿಸಲೇ ಇಲ್ಲ. ಉತ್ತರ ನನಗೆ ಗೊತ್ತಿತ್ತು ಪುಟ್ಟಿ. ಅಯಸ್ಕಾಂತದ ಸುತ್ತ ಒಂದು ತಗಡಿನ ಪಟ್ಟಿ ಬಗ್ಗಿಸಿ ಅಡ್ಡ ಕೊಟ್ಟರಾಯಿತು. ಬಾಯಿ ತೆರೆಯಲಿಲ್ಲ. ಜೇಬು ಬಾಯಿಗೂ ಇರಬೇಕಿತ್ತು.

ಅವಳು ಎದ್ದು ಓಡಿದಳು. ವಾಪಸ್ ಬಂದಾಗ ಕೈಯಲ್ಲಿ ಅವಳಮ್ಮ ಕಸೂತಿ ಹಾಕುವಾಗ ಬಟ್ಟೆ ಬಿಗಿಯುವ ಮರದ ಬಳೆಯಿತ್ತು. ಅದನ್ನು ಗಾಡಿಯ ಸುತ್ತ ಸೊಂಟಪಟ್ಟಿಯ ಹಾಗೆ ಕಟ್ಟಿದಳು. ಈಗ ಬಳೆ ಮೊದಲು ಕುರ್ಚಿಗೆ ತಗಲುತ್ತದೆ, ಅಯಸ್ಕಾಂತ ದೂರವೇ ಉಳಿಯುತ್ತದೆ, ಗಾಡಿ ಜಾರಿಕೊಂಡು ಮುಂದೆ ಹೋಗುತ್ತದೆ. ನನ್ನ ಉತ್ತರ ಅದಲ್ಲ. ಅವಳದೇ ಚೆನ್ನಾಗಿತ್ತು ಎಂದೇನೂ ಹೇಳುವುದಿಲ್ಲ. ಓಡಿತು, ಅಷ್ಟೇ.

ಹೊರಡುವಾಗ ಮೇಡಂ ಕೇಳಿದರು, "ನೀವು ಎಲ್ಲಿ ಓದಿದ್ದು?" ಊರ ಶಾಲೆ, ಏಳನೇ ಕ್ಲಾಸು, ಅದೂ ಎರಡು ಸಲ ಎಂದೆ. ಪುಟ್ಟಿ ನನ್ನ ಅಕ್ಕನ ಮಗಳು ಎಂದೂ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು. ನಿನಗೆ ಬೈಗುಳ ಬಂದರೆ ಅದು ನನ್ನಿಂದಲೇ.

ಮಾವ

ಅಕ್ಟೋಬರ್ 16

ಪ್ರೀತಿಯ ಮಾವನಿಗೆ,

ಬೈಗುಳ ಬಂತು. ಚೆನ್ನಾಗಿಯೇ ಬಂತು. ಸಂಬಂಧಿಕರು ಎಂದು ಮೊದಲೇ ಹೇಳಬೇಕಿತ್ತು ಎಂದು ಎಲ್ಲರ ಮುಂದೆ ಅಂದರು, ಅದು ಸರಿಯೇ. ಆಮೇಲೆ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿ ಕೇಳಿದರು, "ಆ ಜೇಬಿನ ಅಳತೆ ಏನು?"

ತರಗತಿ ಕಾಯಂ ಆಗಿದೆ ಮಾವ. ಇನ್ನೂ ಹನ್ನೆರಡು ಮಕ್ಕಳಿಗೆ ಸಾಮಾನು ಬರುತ್ತದೆ. ಜೊತೆಗೆ ಲ್ಯಾಪ್‌ಟಾಪಿನ ಕೆಲಸ ಹೇಳಿಕೊಡಲು ಒಬ್ಬ ಹುಡುಗಿಯೂ ಬರುತ್ತಾಳೆ. ನಿಮಗೆ ಬರುವುದಿಲ್ಲವೆಂದಲ್ಲ. ಎಲ್ಲ ಊರಿನ ಕಲಿಸುವವರಿಗೂ ಮೇಡಂ ಒಂದು ನಿಯಮ ಕಳಿಸಿದ್ದಾರೆ: ಮಕ್ಕಳ ಗಾಡಿ ಕೆಟ್ಟಾಗ ಕೈ ಜೇಬಿನಲ್ಲಿರಬೇಕು. ಎಲ್ಲಿಂದ ಬಂತು ಈ ನಿಯಮ ಎಂದು ಯಾರಿಗೂ ಗೊತ್ತಿಲ್ಲ. ನಿಮ್ಮ ಕಾಲೊನಿಯಲ್ಲಿ ಎಷ್ಟು ಜನಕ್ಕೆ ಗೊತ್ತಾಗಿದೆ ಎಂದು ನಾನು ಕೇಳುವುದೂ ಇಲ್ಲ.

ಬಾಬಿನ್‌ನ ತಮ್ಮ ನೆಲಕ್ಕೆ ಇಳಿದನೇ?

ಪುಟ್ಟಿ

ಅಕ್ಟೋಬರ್ 25

ಪುಟ್ಟಿ,

ಇಳಿದ. ಇಳಿದವನೇ ಅಕ್ಕನ ಗಾಡಿಯ ಹಿಂದೆ ಬಿದ್ದು, ಹಿಡಿದು, ಬಾಯಿಗೆ ಹಾಕಿಕೊಳ್ಳಲು ನೋಡಿದ. ಈಗ ಗಾಡಿಯನ್ನು ಅವನಿಂದ ಕಾಪಾಡಲು ಇನ್ನೊಂದು ಯಂತ್ರ ಬೇಕೆಂದು ಬಾಬಿನ್ ಕೂತು ಯೋಚಿಸುತ್ತಿದ್ದಾಳೆ. ನನಗೆ ಉತ್ತರ ಗೊತ್ತಿದೆ. ಹೇಳುತ್ತಿಲ್ಲ.

ಜೇಬಿನ ವಿಷಯ ನಾನು ಯಾರಿಗೂ ಹೇಳಿಲ್ಲ. ಇಸ್ತ್ರಿಯವನಿಗೆ ಮಾತ್ರ ಹೇಳಿದೆ. ಅಂಚೆಯವನಿಗೆ, ಟ್ಯಾಂಕರ್ ಡ್ರೈವರಿಗೆ, ಮತ್ತೆ ನೀರು ಹಿಡಿಯಲು ನಿಂತಿದ್ದವರಿಗೆ. ಅಷ್ಟೇ.

ಇದರ ಜೊತೆ ಒಂದು ಪೊಟ್ಟಣ ಕಳಿಸುತ್ತಿದ್ದೇನೆ. ಮುಚ್ಚಳ ಹುಡುಕಿದ ದಿನ ಗುಜರಿ ಮೂಟೆಯ ತಳದಲ್ಲಿ ಸಿಕ್ಕಿತು. ತಗಡಿನ ಮೂರು ರೆಕ್ಕೆ, ನಡುವೆ ಸೈಕಲ್ ಕಡ್ಡಿ. ಕತ್ತರಿಯ ಅಂಚು ಒಂದೊಂದು ಕಡೆ ಒಂದೊಂದು ಥರ ಹೋಗಿದೆ, ಹೊಸ ಕೈಯ ಕೆಲಸ. ತಗಡು ಒಳ್ಳೆಯದು ಎಂದು ಎತ್ತಿಟ್ಟಿದ್ದೆ, ಬೇರೆ ಕಾರಣವೇನೂ ಇಲ್ಲ. ಇಷ್ಟು ವರ್ಷ ಬೇರೆ ಯಾವುದಕ್ಕೂ ಬಳಸಲಿಲ್ಲ ಯಾಕೆ ಎಂದು ನಿನ್ನ ಅತ್ತೆ ಕೇಳಿದಳು. ಅವಳಿಗೆ ಎಲ್ಲದಕ್ಕೂ ಪ್ರಶ್ನೆ.

ಈಗಲೂ ತಿರುಗುವುದಿಲ್ಲ. ಯಾಕೆ ಎಂದು ನೋಡಿದ ತಕ್ಷಣ ನನಗೆ ಗೊತ್ತಾಯಿತು. ತುಕ್ಕು ಕೂಡ ಒರೆಸಿಲ್ಲ. ಹೇಗೆ ಇತ್ತೋ ಹಾಗೇ ಕಟ್ಟಿದ್ದೇನೆ, ಕಟ್ಟುವಾಗ ಮಾತ್ರ ಕೈ ಜೇಬಿನಿಂದ ಹೊರಗಿತ್ತು.

ಮಾವ

ನವೆಂಬರ್ 12

ಮಾವ,

ಮೂರು ರೆಕ್ಕೆಯೂ ನೇರವಾಗಿದ್ದವು. ಗಾಳಿಗೆ ಓರೆ ಕೊಟ್ಟಿರಲೇ ಇಲ್ಲ. ಹತ್ತು ದಿನ ಹಿಡಿಯಿತು, ಮೀಟಿಂಗ್‌ಗಳ ನಡುವೆ. ಒಬ್ಬ ಇಂಜಿನಿಯರ್‌ಗೆ ಇಷ್ಟು ದಿನ ಬೇಕಾಯಿತು ಎಂದು ದಯವಿಟ್ಟು ಟ್ಯಾಂಕರ್ ಡ್ರೈವರಿಗೆ ಹೇಳಬೇಡಿ.

ಆಫೀಸಿನ ಕಿಟಕಿಯಲ್ಲಿ ಇಟ್ಟಿದ್ದೇನೆ. ತಿರುಗುತ್ತಿದೆ. ಉಲ್ಟಾ ತಿರುಗುತ್ತಿದೆ. ಯಾಕೆ ಎಂದು ನಿಮಗೆ ಗೊತ್ತಿರುತ್ತದೆ.

ಬರೆಯಬೇಡಿ.

ಪುಟ್ಟಿ